ತಿಪಟೂರಿನ ಮೋಟ್ರು, ಮಿನ್ನೆಸೋಟದ ಮೀಟರು

ಕಳೆದ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಮೂರು ಜನ ಒಬ್ಬರಾದ ಮೇಲೊಬ್ಬರು "ಏನ್ರೀ, ನಿಮ್ಮ ಮನೆಯವರ ಲ್ಯಾಬಿಗೆ ಬೆಂಕಿ ಹಚ್ಚಿದ್ರಂತೆ?" ಎಂದು ಕೇಳಿದರು. ಬೆಂಕಿ ಹಚ್ಚಿಲ್ಲ. ಕೆಟ್ಟದ್ದು ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಗಾಜಿನ ಚೂರು, ಅಷ್ಟೆ. ಆದರೆ ಆ ಚೂರನ್ನು ತಯಾರಿಸಲು ಮೂರು ವಾರ ಹಿಡಿದಿತ್ತು. ತಯಾರಿಸಿದವಳು ನನ್ನ ಹೆಂಡತಿ, ಕೆಡಿಸಿದವನು ನಾನು. ಅರ್ಧಂಬರ್ಧ ಸುದ್ದಿ ಹರಡುವುದಕ್ಕಿಂತ ಪೂರ್ತಿ ಕಥೆಯನ್ನು ನಾನೇ ಬರೆದುಬಿಡುವುದು ವಾಸಿ ಅನ್ನಿಸಿತು. ಸಂಪಾದಕರೂ ಎರಡು ತಿಂಗಳಿನಿಂದ "ಏನಾದರೂ ಬರೆಯಿರಿ" ಎಂದು ಬೆನ್ನು ಹತ್ತಿದ್ದರು.

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಮಾಡುತ್ತಿರುವುದು ಸಾಫ್ಟ್‌ವೇರ್. ಕಾಲೇಜಿನ ಲ್ಯಾಬಿನಲ್ಲಿ ನಾಲ್ಕು ಜನಕ್ಕೆ ಒಂದು ಸಿ.ಆರ್.ಓ. ಇರುತ್ತಿತ್ತು. ಅದರ ಗುಂಡಿ ತಿರುಗಿಸುವ ಭಾಗ್ಯ ಬ್ಯಾಚಿನಲ್ಲಿ ಒಬ್ಬನಿಗೆ ಮಾತ್ರ, ಉಳಿದ ಮೂವರು ರೀಡಿಂಗ್ ಬರೆದುಕೊಳ್ಳುವವರು. ನಾನು ಬರೆದುಕೊಳ್ಳುವವನಾಗಿದ್ದೆ. ಹಾಗಾಗಿ ಇಷ್ಟು ವರ್ಷದ ಮೇಲೆ ಒಂದು ನಿಜವಾದ ಅಳತೆಯ ಯಂತ್ರದ ಗುಂಡಿಯನ್ನು ದೂರದಿಂದ ಒತ್ತುವ ಅವಕಾಶ ಸಿಕ್ಕಾಗ ನನಗೆ ಆದ ಸಂತೋಷ ಸ್ವಲ್ಪ ಜಾಸ್ತಿಯೇ ಇತ್ತು. ಅನಾಹುತಕ್ಕೆ ಅದೂ ಒಂದು ಕಾರಣ.

ನನ್ನ ಹೆಂಡತಿ ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್. ಅವಳ ಕೆಲಸ ವಿದ್ಯುತ್ ಹರಿಸಬಲ್ಲ ಪ್ಲಾಸ್ಟಿಕ್ಕಿನ ಮೇಲೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುತ್ತದೆಯೇ ಎಂದು ಹುಬ್ಬೇರಿಸಬೇಡಿ, 2000ದ ಕೆಮಿಸ್ಟ್ರಿ ನೊಬೆಲ್ ಸಿಕ್ಕಿದ್ದು ಇದಕ್ಕೇ: ಹೀಗರ್, ಮ್ಯಾಕ್‌ಡಯರ್ಮಿಡ್ ಮತ್ತು ಶಿರಾಕಾವಾ ಎಂಬ ಮೂವರಿಗೆ. ಗಾಜಿನ ಚೂರಿನ ಮೇಲೆ ಅಂಥ ಪ್ಲಾಸ್ಟಿಕ್ಕಿನ ತೆಳು ಪದರ ಕೂರಿಸಿ, ಅದನ್ನು ದೋಸೆ ಕಾವಲಿಯ ಮರಿಯಂತಿರುವ ಒಂದು ತಟ್ಟೆಯ ಮೇಲಿಟ್ಟು, ನಿಧಾನವಾಗಿ ಬಿಸಿ ಮಾಡುತ್ತಾ ರೆಸಿಸ್ಟೆನ್ಸ್ ಅಳೆಯಬೇಕು. ಎರಡೂವರೆ ಡಿಗ್ರಿ ಏರಿಸು, ಅರ್ಧ ಗಂಟೆ ಕಾಯಿ, ಅಳೆ. ಮತ್ತೆ ಎರಡೂವರೆ ಡಿಗ್ರಿ. ಹೀಗೆ 25 ಡಿಗ್ರಿಯಿಂದ 120ರವರೆಗೆ ಹೋಗಿ ಅದೇ ದಾರಿಯಲ್ಲಿ ಇಳಿಯಬೇಕು. ಒಟ್ಟು ನಲವತ್ತು ಗಂಟೆ. ನಡುವೆ ನಿಲ್ಲಿಸಿದರೆ ಮೊದಲಿಂದ ಶುರು.

ನಲವತ್ತು ಗಂಟೆ ಯಾರು ಕೂರುತ್ತಾರೆ? ಅವಳೂ ಇನ್ನೊಬ್ಬ ವಿದ್ಯಾರ್ಥಿಯೂ ಪಾಳಿ ಹಾಕಿಕೊಂಡಿದ್ದರು. ಜನವರಿಯ ಮಿನ್ನೆಸೋಟ ನಿಮಗೆ ಗೊತ್ತೇ ಇದೆ. ಮೈನಸ್ 25 ಡಿಗ್ರಿಯಲ್ಲಿ ರಾತ್ರಿ ಹನ್ನೆರಡಕ್ಕೆ ಕಾರಿನ ಮೇಲಿನ ಹಿಮ ಕೆರೆದು ಲ್ಯಾಬಿಗೆ ಹೋಗಿ ಬೆಳಿಗ್ಗೆ ಬರುತ್ತಿದ್ದಳು. ನಾಲ್ಕು ವರ್ಷದ ಮಗಳು ಎರಡು ಗಂಟೆಗೆ ಎದ್ದು "ಅಮ್ಮ ಎಲ್ಲಿ?" ಎಂದು ರಾಗ ತೆಗೆಯುತ್ತಿದ್ದಳು. ಪುಣ್ಯಕ್ಕೆ ಆಗ ನಮ್ಮತ್ತೆ ಬಂದಿದ್ದರು, ಆರು ತಿಂಗಳ ಲೆಕ್ಕದಲ್ಲಿ. ಮಗಳ ಒದ್ದೆ ಬೂಟು ನೋಡಿ ಅವರಿಗೆ ಕರುಳು ಚುರುಕ್ ಎನ್ನುತ್ತಿತ್ತು. "ಅಳಿಯಂದ್ರೇ, ನೀವು ದಿನವಿಡೀ ಕಂಪ್ಯೂಟರಿನ ಮುಂದೇನೇ ಇರ್ತೀರಲ್ಲ, ಇದಕ್ಕೇನಾದ್ರೂ ಮಾಡಕ್ಕಾಗಲ್ವೇ?" ಎಂದು ಕೇಳಿದರು. ಅತ್ತೆ ಕೇಳಿದ ಮೇಲೆ ಮುಗಿಯಿತಲ್ಲ!

ಶನಿವಾರ ಲ್ಯಾಬಿಗೆ ಹೋಗಿ ನೋಡಿದೆ. ಮೇಜಿನ ಮೇಲೆ ಒಂದು ಮಲ್ಟಿಮೀಟರ್, ಒಂದು ಪವರ್ ಸಪ್ಲೈ. ತಟ್ಟೆಯ ಉಷ್ಣತೆ ಹೇಳುವ ಪುಟ್ಟ ಡಬ್ಬಿಗೆ ಯುಎಸ್‌ಬಿ ಇತ್ತು, ಅದರದ್ದೇನೂ ತಕರಾರಿಲ್ಲ. ಮಲ್ಟಿಮೀಟರು 34401ಎ, ಹ್ಯೂಲೆಟ್-ಪ್ಯಾಕರ್ಡ್ 1991ರಲ್ಲಿ ಹೊರತಂದ ಮಾದರಿ. ಆ ಕಾಲದ ಬಜಾಜ್ ಸ್ಕೂಟರಿನ ಹಾಗೆ, ಎಲ್ಲಾ ಲ್ಯಾಬಿನಲ್ಲೂ ಒಂದಿರುತ್ತದೆ, ಸಾಯುವುದೇ ಇಲ್ಲ. ಅದರ ಬೆನ್ನಿನಲ್ಲಿ ಎರಡು ಕಿಂಡಿಗಳು: ಒಂದು ನಮ್ಮ ಹಳೆಯ ಪರಿಚಯದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು, ಇನ್ನೊಂದು 24 ಪಿನ್ನಿನ ಜಿಪಿಐಬಿ.

ಈ ಜಿಪಿಐಬಿ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1960ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯವರು ತಮ್ಮ ಯಂತ್ರಗಳು ಒಂದಕ್ಕೊಂದು ಮಾತಾಡಲಿ ಎಂದು ಶುರು ಮಾಡಿದ್ದು ಇದು. 1975ರಲ್ಲಿ ಐಟ್ರಿಪಲ್‌ಇ 488 ಎಂಬ ಹೆಸರಿನಲ್ಲಿ ಎಲ್ಲರ ಸ್ವತ್ತಾಯಿತು. ಒಂದೇ ತಂತಿಗೆ ಹದಿನೈದು ಸಾಧನಗಳನ್ನು ಪೋಣಿಸಬಹುದು, ಒಟ್ಟು ಉದ್ದ 20 ಮೀಟರು ಮೀರಬಾರದು. ಪ್ಲಗ್ಗಿನ ಬೆನ್ನಿಗೇ ಇನ್ನೊಂದು ಸಾಕೆಟ್ಟು ಇರುವುದರಿಂದ ಟಿಫನ್ ಕ್ಯಾರಿಯರಿನ ಡಬ್ಬಿಗಳಂತೆ ಒಂದರ ಮೇಲೊಂದು ಕೂರಿಸಿಕೊಂಡು ಹೋಗಬಹುದು. ಎಲ್ಲಕ್ಕಿಂತ ನಿಧಾನವಾದ ಸಾಧನ "ಕೇಳಿಸಿಕೊಂಡೆ" ಎನ್ನುವವರೆಗೆ ಮುಂದಿನ ಅಕ್ಷರ ಹೊರಡುವುದಿಲ್ಲ. ತುಂಬಾ ಸಂಸ್ಕಾರವಂತ ಏರ್ಪಾಡು. ಆದರೆ ಅದನ್ನು ಇಂದಿನ ಲ್ಯಾಪ್‌ಟಾಪಿಗೆ ಜೋಡಿಸುವ ಯುಎಸ್‌ಬಿ ಕೊಂಡಿಯ ಬೆಲೆ ನೋಡಿ ಕಣ್ಣು ಕತ್ತಲೆ ಬಂತು, ನೂರಾರು ಡಾಲರು! ಸೀರಿಯಲ್ ಕೊಂಡಿಯಾದರೆ ಒಂದು ಮಸಾಲೆ ದೋಸೆಯ ದುಡ್ಡು (ಇಲ್ಲಿನ ಮಸಾಲೆ ದೋಸೆ). ನಾನು ಯಾವುದನ್ನು ತಂದೆ ಎಂದು ಹೇಳಬೇಕಿಲ್ಲ.

ಜೋಡಿಸಿದೆ. ಮಾತಾಡಿಸಿದೆ. ಉತ್ತರವಿಲ್ಲ.

ಯಂತ್ರಗಳನ್ನು ಮಾತಾಡಿಸುವ ಭಾಷೆಗೆ ಸ್ಕಿಪ್ಪಿ ಎಂದು ಹೆಸರು, 1990ರಲ್ಲಿ ರೂಪುಗೊಂಡ ಒಪ್ಪಂದ. ಯಾವ ಕಂಪನಿಯ ಯಂತ್ರವಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: "*ಐಡಿಎನ್?" ಅಂದರೆ "ನೀನ್ಯಾರು?" ಅದಕ್ಕೇ ಉತ್ತರ ಬರಲಿಲ್ಲ. ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ನಾನು ಹಾಕಿದ್ದು ನೇರ ಕೇಬಲ್. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನು ಮಾಡುತ್ತಿದ್ದೆವಲ್ಲ, ಇಬ್ಬರೂ ಪೊಟ್ಟಣವನ್ನು ಬಾಯಿಗೇ ಹಿಡಿದುಕೊಂಡರೆ ಕೇಳಿಸಿಕೊಳ್ಳುವವರು ಯಾರು? ಹಾಗಾಗಿತ್ತು. ಕಂಪ್ಯೂಟರು ಮಾತಾಡುವ ತಂತಿಯ ಮೇಲೇ ಮೀಟರೂ ಮಾತಾಡುತ್ತಿತ್ತು. ಮಾತಾಡುವ ತಂತಿಯನ್ನು ಕೇಳುವ ತಂತಿಗೆ ಅಡ್ಡ ಹಾಯಿಸುವ ನಲ್ ಮೋಡೆಮ್ ಕೇಬಲ್ ತಂದ ಮೇಲೆ ಉತ್ತರವೇನೋ ಬಂತು, ಆದರೆ ಬರೀ ಕಾಗಕ್ಕ ಗುಬ್ಬಕ್ಕ. ಈಗಿನ ಸಾಧನಗಳೆಲ್ಲ ಅಕ್ಷರಕ್ಕೆ ಎಂಟು ಬಿಟ್ ಕಳಿಸಿದರೆ ಈ ಪುಣ್ಯಾತ್ಮ ಕಾರ್ಖಾನೆಯಿಂದ ಬಂದಾಗಲೇ ಏಳು ಬಿಟ್, ಈವನ್ ಪ್ಯಾರಿಟಿ, ಎರಡು ಸ್ಟಾಪ್ ಬಿಟ್ ಎಂದು ಪಟ್ಟು ಹಿಡಿದು ಕೂತಿರುತ್ತದೆ. ಅದನ್ನೂ ಸರಿ ಮಾಡಿದೆ.

ಆಗ ತೆರೆಯ ಮೇಲೆ ಸ್ಪಷ್ಟವಾಗಿ ಮೂಡಿತು: ಹ್ಯೂಲೆಟ್-ಪ್ಯಾಕರ್ಡ್, 34401ಎ. ನನಗೆ ರೋಮಾಂಚನ! ಇದರಲ್ಲೊಂದು ತಮಾಷೆ ಇದೆ. ಮೀಟರಿನ ಮುಖದ ಮೇಲೆ ಬರೆದಿದ್ದುದು ಅಜಿಲೆಂಟ್ ಎಂದು. 1999ರಲ್ಲಿ ಹ್ಯೂಲೆಟ್-ಪ್ಯಾಕರ್ಡ್‌ನಿಂದ ಅಳತೆ ಯಂತ್ರಗಳ ವಿಭಾಗ ಬೇರೆಯಾಗಿ ಅಜಿಲೆಂಟ್ ಆಯಿತು. 2014ರ ನವೆಂಬರ್ 1ರಂದು ಅದೂ ಒಡೆದು ಕೀಸೈಟ್ ಆಯಿತು. ಮುಖದ ಮೇಲೆ ಹೊಸ ಹೆಸರು ಬಂದರೂ "ನೀನ್ಯಾರು" ಎಂದು ಕೇಳಿದರೆ ಅದು ಹೇಳುವುದು ಹಳೆಯ ಮನೆತನದ ಹೆಸರನ್ನೇ. ಅಂದ ಹಾಗೆ ಅದೇ ದಿನ, 2014ರ ರಾಜ್ಯೋತ್ಸವದಂದೇ, ಸರ್ಕಾರಿ ಕಡತದಲ್ಲಿ ಬ್ಯಾಂಗಲೂರು ಬೆಂಗಳೂರಾಯಿತು. ನಾವು ಇಲ್ಲಿ ಆಫೀಸಿನಲ್ಲಿ ಯಾರಾದರೂ ಊರು ಕೇಳಿದರೆ ಇನ್ನೂ ಹಳೆಯದನ್ನೇ ಹೇಳುತ್ತೇವಲ್ಲ, ಮೀಟರನ್ನು ನೋಡಿ ನಗುವಂತಿಲ್ಲ.

"ನೀನ್ಯಾರು" ಎಂದರೆ ಹೇಳಿದ ಮೀಟರು "ರೆಸಿಸ್ಟೆನ್ಸ್ ಎಷ್ಟು" ಎಂದರೆ ಪೀಂ ಎಂದು ಕಿರುಚಿತು. ದೋಷ ಸಂಖ್ಯೆ 550. ಲೋಕಲ್ ಸ್ಥಿತಿಯಲ್ಲಿ ಈ ಆಜ್ಞೆ ನಡೆಯುವುದಿಲ್ಲ ಎಂದು ಅದರರ್ಥ. ಸೀರಿಯಲ್ ತಂತಿಯ ಮೂಲಕ ಕೇಳುವುದಾದರೆ ಮೊದಲು "ಸಿಸ್ಟಮ್ ರಿಮೋಟ್" ಎಂದು ಹೇಳಬೇಕು, ಆಮೇಲೆ ಎದುರಿನ ಗುಂಡಿಗಳು ಅಧಿಕಾರ ಬಿಟ್ಟುಕೊಡುತ್ತವೆ. ಅದನ್ನೂ ಹೇಳಿದೆ. ಅಳತೆಗೆ ನಾಲ್ಕು ತಂತಿ: ಎರಡು ತಂತಿ ಕರೆಂಟು ಹರಿಸುತ್ತವೆ, ಇನ್ನೆರಡು ವೋಲ್ಟೇಜನ್ನು ಮಾತ್ರ ನೋಡುತ್ತವೆ. ತಂತಿಗಳದ್ದೇ ರೆಸಿಸ್ಟೆನ್ಸ್ ಲೆಕ್ಕಕ್ಕೆ ಸೇರಬಾರದೆಂದು ಈ ಉಪಾಯ. ಪ್ರತಿ ಅಳತೆಯನ್ನೂ ಕರೆಂಟಿನ 100 ಆವರ್ತಗಳಷ್ಟು ಹೊತ್ತು ಸರಾಸರಿ ಮಾಡಿದರೆ ಗೋಡೆಯ ಕರೆಂಟಿನ ಗುಂಯ್ ಸದ್ದು ಅಳಿಸಿಹೋಗುತ್ತದೆ. ಅಮೆರಿಕದ 60 ಹರ್ಟ್ಜ್‌ನಲ್ಲಿ ಅದಕ್ಕೆ 1.67 ಸೆಕೆಂಡು, ನಮ್ಮೂರಿನ 50ರಲ್ಲಾದರೆ ಎರಡು. ನನ್ನ ಪ್ರೋಗ್ರಾಮು ಒಂದೇ ಸೆಕೆಂಡು ಕಾದು "ಉತ್ತರವಿಲ್ಲ" ಎಂದು ಎದ್ದು ಹೋಗುತ್ತಿದ್ದುದನ್ನು ಕಂಡುಹಿಡಿಯಲು ಭಾನುವಾರ ಬೆಳಗಿನ ಹೊತ್ತೆಲ್ಲ ಖರ್ಚಾಯಿತು.

ಸಂಜೆ ಹೊತ್ತಿಗೆ ಎಲ್ಲಾ ನಡೆಯತೊಡಗಿತು. ಪೈಥಾನ್‌ನಲ್ಲಿ ನೂರಿಪ್ಪತ್ತು ಸಾಲು. ಹೆಂಡತಿಯೂ ಮಗಳೂ ನೋಡಲು ಬಂದರು. ಈ ಮೀಟರಿಗೆ ಹನ್ನೆರಡು ಅಕ್ಷರದವರೆಗೆ ಏನು ಬೇಕಾದರೂ ತೋರಿಸು ಎನ್ನಬಹುದು. ಮಗಳ ಹೆಸರು ಹಾಕಿದೆ. ಮೀಟರಿಗೆ ಕನ್ನಡ ಬಾರದು, ಇಂಗ್ಲಿಷಿನಲ್ಲೇ. ಅವಳು ಕುಣಿದಾಡಿದಳು. ವಿಶ್ವವಿದ್ಯಾಲಯದ ನಿಯಮದಂತೆ ಮೇಜಿನ ಮೇಲೆ "ಯಾರೂ ಇಲ್ಲದೆ ನಡೆಯುತ್ತಿರುವ ಪ್ರಯೋಗ" ಎಂದು ಚೀಟಿ ಅಂಟಿಸಿ, ಫೋನ್ ನಂಬರು ಬರೆದು, ಅನುಮತಿ ಪಡೆದು, ಸೋಮವಾರ ಬೆಳಿಗ್ಗೆ ಹೊಸ ಚೂರನ್ನಿಟ್ಟು ಶುರು ಮಾಡಿದಳು. ಆ ರಾತ್ರಿ ಅವಳು ಮನೆಯಲ್ಲೇ ಮಲಗಿದಳು. ಪ್ರತಿ ಗಂಟೆಗೊಂದು ಇ-ಮೇಲ್ ಬರುವಂತೆ ಮಾಡಿದ್ದೆ. ಮಲಗುವ ಮುಂಚೆ ನೋಡಿದೆ, ಎಲ್ಲಾ ಸುಸೂತ್ರ.

ಇಲ್ಲಿ ನನ್ನ ಜಾಣತನದ ವಿಷಯ ಹೇಳಬೇಕು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ತಟ್ಟೆ ಏರಲು ತುಂಬಾ ಹೊತ್ತು ಹಿಡಿಯುತ್ತದೆಂದು ನಾನೊಂದು ಶಾರ್ಟ್‌ಕಟ್ ಹಾಕಿದ್ದೆ. 13 ವೋಲ್ಟ್ ಸಾಕಾದ ಕಡೆ 18 ಕೊಡು, ಉಷ್ಣತೆ ಮುಟ್ಟಿದ ಕೂಡಲೇ 13ಕ್ಕೆ ಇಳಿಸು. ಶಾಖ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ, ಹಾಗಾಗಿ 18 ಅಂದರೆ ಹೆಚ್ಚುಕಡಿಮೆ ಎರಡರಷ್ಟು ಬಿಸಿ. ಏರಿಸುವುದೂ ಇಳಿಸುವುದೂ ನನ್ನ ಪ್ರೋಗ್ರಾಮಿನ ಕೈಯಲ್ಲಿ.

ರಾತ್ರಿ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಪ್ರೋಗ್ರಾಮು 18 ವೋಲ್ಟ್ ಎಂದು ಹೇಳಿತು. ಅದಾದ ಒಂದೆರಡು ನಿಮಿಷಕ್ಕೆ ಕಂಪ್ಯೂಟರು ತನ್ನ ಪಾಡಿಗೆ ತಾನು ಅಪ್‌ಡೇಟ್ ಮಾಡಿಕೊಂಡು ರೀಸ್ಟಾರ್ಟ್ ಆಯಿತು. ಪ್ರೋಗ್ರಾಮು ಹೋಯಿತು. ಪವರ್ ಸಪ್ಲೈ ಪಾಪ ಬಹಳ ವಿಧೇಯ. ಕೊನೆಗೆ ಹೇಳಿದ್ದು 18, ಆಮೇಲೆ ಯಾರೂ ಏನೂ ಹೇಳಲಿಲ್ಲ, ಸರಿ, 18ರಲ್ಲೇ ನಿಂತಿತು. ಬೆಳಿಗ್ಗೆ ಆರೂವರೆಗೆ ನಾನು ಫೋನಿನಲ್ಲಿ ಕೊನೆಯ ಇ-ಮೇಲ್ ನೋಡಿದೆ, ಎಲ್ಲಾ ಸುಸೂತ್ರ ಎಂದಿತ್ತು. ಅದು ಮೂರು ಗಂಟೆಯದ್ದು ಎಂದು ಹೊಳೆಯಲು ಒಂದು ನಿಮಿಷ ಬೇಕಾಯಿತು. ನಾಲ್ಕು, ಐದು, ಆರರದ್ದು ಬಂದೇ ಇರಲಿಲ್ಲ. ಬಾರದ ಇ-ಮೇಲು ಮಲಗಿದವನನ್ನು ಎಬ್ಬಿಸುವುದಿಲ್ಲವಲ್ಲ.

ಅವಳು ಹೋಗಿ ನೋಡುವಾಗ ತಟ್ಟೆ 158 ಡಿಗ್ರಿಯಲ್ಲಿತ್ತು. ಆ ಪದರ 140 ದಾಟಿದರೆ ಕೆಟ್ಟಂತೆ. ತಣ್ಣಗಾದ ಮೇಲೂ ರೆಸಿಸ್ಟೆನ್ಸ್ ಹಳೆಯ ಜಾಗಕ್ಕೆ ಬರಲಿಲ್ಲ. ಮೂರು ವಾರದ ಕೆಲಸ, ಮುಂದೆ ಫೆಬ್ರವರಿ ಕೊನೆಗೆ ಒಪ್ಪಿಸಬೇಕಾದ ವರದಿ, ಅದರ ಮೇಲೆ ನಿಂತ ಮುಂದಿನ ವರ್ಷದ ಸಂಬಳ, ಸಂಬಳದ ಮೇಲೆ ನಿಂತ ವೀಸಾ... ನಿಮಗೆ ವಿವರಿಸಬೇಕಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಉಪ್ಪಿಟ್ಟು ಮಾಡಿ ಎಲ್ಲರಿಗೂ ಬಡಿಸಿ, "ಇವತ್ತು ರಾತ್ರಿಯಿಂದ ನಾನೇ ಹೋಗ್ತೀನಿ ಬಿಡಿ" ಎಂದಳು. ಮದುವೆಯಾದಾಗಿನಿಂದ ನನ್ನನ್ನು ನೀನು ಎನ್ನುವವಳು. ಅಮ್ಮ ಎದುರಿಗಿದ್ದರೆಂದು ಬಹುವಚನವೋ, ಬೇರೆ ಕಾರಣಕ್ಕೋ, ಕೇಳುವ ಧೈರ್ಯ ಬರಲಿಲ್ಲ.

ಅತ್ತೆಗೆ ನಾನು ನಡೆದದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ನೀವು ಅದಕ್ಕೆ ಹೇಳಿದ್ರಿ, ಸರಿ. ಅದು ಮಾಡ್ತೋ ಇಲ್ವೋ ಅಂತ ವಾಪಸ್ ಹೇಳ್ತಾ?" ಎಂದರು. ಆಮೇಲೆ, "ನಮ್ಮ ತಮ್ಮನ ಮೋಟ್ರಿಗೆ ಹಂಗಿಲ್ಲಪ್ಪ" ಎಂದು ಶುರು ಮಾಡಿದರು.

ಅವರ ತಮ್ಮನದು ತಿಪಟೂರಿನ ಹತ್ತಿರ ತೆಂಗಿನ ತೋಟ. ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಎಷ್ಟೋ ಸಲ ರಾತ್ರಿ. ಮೊದಲೆಲ್ಲ ಟಾರ್ಚು ಹಿಡಿದು, ಹಾವು ಚಿರತೆಗೆ ಹೆದರುತ್ತಾ ಮೈಲಿ ನಡೆದು ಹೋಗಿ ಮೋಟ್ರು ಹಾಕಿ ಬರಬೇಕಿತ್ತು. ಈಗ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಂದು ಸಿಮ್ಮು. ಹಾಸಿಗೆಯಲ್ಲಿ ಕೂತೇ ಫೋನು ಮಾಡಿದರೆ ಮೋಟ್ರು ಆನ್. ಆನ್ ಆಯಿತು ಎಂದು ಅದೇ ವಾಪಸ್ ಹೇಳುತ್ತದೆ. ಹೆಂಡತಿಯ ಬೂಟು, ಸೋದರಮಾವನ ಟಾರ್ಚು, ಎರಡೂ ಒಂದೇ ಕಥೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ರಾತ್ರಿ ಎಂಟಕ್ಕೆ, ಅಂದರೆ ಅಲ್ಲಿನ ಬೆಳಿಗ್ಗೆ ಏಳೂವರೆಗೆ, ಅವರಿಗೇ ವಾಟ್ಸಾಪ್ ಕರೆ ಮಾಡಿದೆವು. ನಾನು ಕೇಳಿದೆ, "ಮಾವ, ಬೋರಿನಲ್ಲಿ ನೀರು ನಿಂತುಹೋಗಿ ಅದೇ ಹೊತ್ತಿಗೆ ಸಿಗ್ನಲ್ಲೂ ಇಲ್ಲ ಅನ್ನಿ. ಆಗ?"

"ಅಯ್ಯೋ, ಫೋನ್ ಇರೋದು ಆನ್ ಮಾಡೋಕೆ ಅಳಿಯಂದ್ರೇ. ಆಫ್ ಆಗೋದು ಅದರ ಪಾಡಿಗೆ ಅದು ಆಗ್ಬೇಕು" ಎಂದರು. ನೀರಿಲ್ಲದೆ ತಿರುಗುವ ಮೋಟ್ರು ಕಡಿಮೆ ಕರೆಂಟು ಎಳೆಯುತ್ತದೆ. ಸ್ಟಾರ್ಟರಿನೊಳಗಿನ ಡ್ರೈ ರನ್ ಪ್ರಿವೆಂಟರು ಅದನ್ನು ನೋಡಿ ತಾನೇ ಕಟ್ ಮಾಡುತ್ತದೆ. ಫೋನು ಇರಲಿ, ಬಿಡಲಿ. ಒಂದು ಸಲ ಕಾಯಿಲ್ ಸುಟ್ಟು, ಬೋರಿನಿಂದ ಪೈಪೆಲ್ಲ ಎತ್ತಿಸಿ, ರೀವೈಂಡಿಂಗ್ ಮಾಡಿಸಿದ ಮೇಲೆ ಅದನ್ನು ಹಾಕಿಸಿದರಂತೆ. "ನಿಮ್ಮದಕ್ಕೆ ಅಂಥದ್ದಿಲ್ವಾ?" ಎಂದರು. ನಾನು ಇಂಜಿನಿಯರು. ಇಲ್ಲ ಎಂದೆ.

ನಿಜ ಹೇಳಬೇಕೆಂದರೆ ಬೇಕಾದದ್ದೆಲ್ಲ ಅಲ್ಲೇ ಇತ್ತು. ಪವರ್ ಸಪ್ಲೈಗೆ ವೋಲ್ಟೇಜ್ ಮಿತಿ, ಕರೆಂಟ್ ಮಿತಿ ಎರಡನ್ನೂ ಎದುರಿನ ಗುಂಡಿಯಿಂದಲೇ ಹಾಕಬಹುದು. ನಾನು ಮುಟ್ಟಿರಲಿಲ್ಲ. ಮುಂದಿನ ಶನಿವಾರ 18ರ ಜಾಣತನವನ್ನು ಕಿತ್ತು ಹಾಕಿದೆ. ತಟ್ಟೆಯ ಹೀಟರಿನ ತಂತಿಗೆ ಸರಣಿಯಲ್ಲಿ ಒಂದು ಥರ್ಮೋಸ್ಟಾಟ್ ಕೂರಿಸಿದೆ, ಗೀಸರಿನಲ್ಲಿ, ಇಸ್ತ್ರಿಪೆಟ್ಟಿಗೆಯಲ್ಲಿ ಇರುತ್ತದಲ್ಲ, ಎರಡು ಲೋಹದ ಪಟ್ಟಿ ಬಿಸಿಗೆ ಬಾಗಿ ಟಕ್ ಎಂದು ಬಿಡುವಂಥದ್ದು. 130 ಡಿಗ್ರಿಯದ್ದು, ತಣ್ಣಗಾದರೂ ಕೈಯಲ್ಲಿ ಒತ್ತುವವರೆಗೆ ಮತ್ತೆ ಕೂಡಿಕೊಳ್ಳದು. ಅದಕ್ಕೆ ಪೈಥಾನ್ ಗೊತ್ತಿಲ್ಲ, ಅಪ್‌ಡೇಟ್ ಬೇಕಿಲ್ಲ.

ಅತ್ತೆಯ ಪ್ರಶ್ನೆಗೂ ಸ್ಕಿಪ್ಪಿಯಲ್ಲಿ ಉತ್ತರವಿತ್ತು, ನಾನು ಓದಿರಲಿಲ್ಲ. "ವೋಲ್ಟೇಜ್?" ಎಂದು ಕೇಳಿದರೆ ಪವರ್ ಸಪ್ಲೈ ಹೇಳುವುದು ನಾವು ಎಷ್ಟು ಹೇಳಿದ್ದೆವು ಎಂಬುದನ್ನು. "ಮೆಷರ್ ವೋಲ್ಟೇಜ್?" ಎಂದು ಕೇಳಿದರೆ ಈಗ ತುದಿಯಲ್ಲಿ ನಿಜವಾಗಿ ಎಷ್ಟಿದೆ ಎಂದು ಅಳೆದು ಹೇಳುತ್ತದೆ. ನಾನು ಮೊದಲನೆಯದನ್ನೇ ಕೇಳಿ ಖುಷಿಯಾಗಿದ್ದೆ. ನನ್ನ ಮಾತನ್ನೇ ನನಗೆ ಹೇಳಿಸಿಕೊಂಡ ಹಾಗೆ! ಈಗ ಪ್ರತಿ ಸಲ ಎರಡನೆಯದು.

ಇ-ಮೇಲನ್ನೂ ತಿರುಗುಮುರುಗು ಮಾಡಿದೆ. ಲ್ಯಾಬಿನ ಕಂಪ್ಯೂಟರು ಐದು ನಿಮಿಷಕ್ಕೊಮ್ಮೆ ಮನೆಯ ಇನ್ನೊಂದು ಕಂಪ್ಯೂಟರಿಗೆ "ಇದ್ದೀನಿ" ಎನ್ನುತ್ತದೆ. ಹದಿನೈದು ನಿಮಿಷ ಏನೂ ಬರದಿದ್ದರೆ ಮನೆಯದ್ದು ನನ್ನ ಫೋನಿಗೆ ಬಡಿದುಕೊಳ್ಳುತ್ತದೆ. ಇದೇನು ಹೊಸದಲ್ಲ. ಮೈಸೂರಿನಿಂದ ನಮ್ಮಪ್ಪ ದಿನಾ ಕಳಿಸುವ ಗುಲಾಬಿ ಹೂವಿನ ಶುಭೋದಯದ ಚಿತ್ರವನ್ನು ನಾನು ಬಿಡಿಸಿಯೂ ನೋಡುವುದಿಲ್ಲ. ಒಂದು ದಿನ ಬರದಿದ್ದರೆ ಮಾತ್ರ ಮೀಟಿಂಗಿನಿಂದ ಎದ್ದು ಹೋಗಿ ಫೋನು ಮಾಡುತ್ತೇನೆ.

ಹೊಸ ಚೂರು ತಯಾರಾಗಲು ಮತ್ತೆ ಮೂರು ವಾರ. ಅದನ್ನಿಡುವ ಮುಂಚೆ ಹೆಂಡತಿ ಒಂದು ಷರತ್ತು ಹಾಕಿದಳು. ಖಾಲಿ ಗಾಜನ್ನಿಟ್ಟು ಪ್ರಯೋಗ ಶುರು ಮಾಡಿಸಿ, ಬೇಕೆಂದೇ ವೋಲ್ಟೇಜ್ ಜಾಸ್ತಿ ಕೊಡಿಸಿ, ನನಗೆ ಹೇಳದೆ ಸೀರಿಯಲ್ ಕೇಬಲನ್ನು ತಾನೇ ಕಿತ್ತಳು. ಇಬ್ಬರೂ ಉಷ್ಣತೆಯ ಡಬ್ಬಿಯನ್ನೇ ನೋಡುತ್ತಾ ನಿಂತೆವು. 120. 124. 127. ನನಗೆ ಆ ಚಳಿಯಲ್ಲೂ ಬೆವರು. 131ಕ್ಕೆ ಟಕ್ ಎಂದಿತು. ಅಂಕಿ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಜೇಬಿನಲ್ಲಿದ್ದ ಫೋನೂ ಬಡಿದುಕೊಂಡಿತು. "ಸರಿ ಕಣೋ, ನಾಳೆ ಹಾಕೋಣ" ಎಂದಳು. ಏಕವಚನ ವಾಪಸ್ ಬಂದಿತ್ತು.

ನಲವತ್ತು ಗಂಟೆ ಒಂದೂ ಅಳತೆ ತಪ್ಪದೆ ನಡೆಯಿತು. ಅವಳು ನಿದ್ದೆ ಮಾಡಿದಳು, ನಾನು ಎರಡು ರಾತ್ರಿಯೂ ಮೂರು ಗಂಟೆಗೆ ಎದ್ದು ಕೂತಿದ್ದೆ. ವರದಿ ಒಂದು ವಾರ ತಡವಾಗಿ ಹೋಯಿತು, ಒಪ್ಪಿಕೊಂಡರು. ಅತ್ತೆ ಏಪ್ರಿಲಿನಲ್ಲಿ ಊರಿಗೆ ಹೋದರು. ಹೋಗುವಾಗ ತಮ್ಮನಿಗೆಂದು ಆ ಥರ್ಮೋಸ್ಟಾಟಿನಂಥದ್ದೇ ಒಂದನ್ನು ಕೇಳಿ ತೆಗೆದುಕೊಂಡು ಹೋದರು. ಮೋಟ್ರಿಗೆ ಅದು ಉಪಯೋಗವಿಲ್ಲ ಎಂದರೂ ಕೇಳಲಿಲ್ಲ.

ಕೊನೆಗೆ ಒಂದು ವಿನಂತಿ. ಪಕ್ಕದ ಲ್ಯಾಬಿನವರು ಈಗ ತಮ್ಮ ಹಳೆಯ ಆಸಿಲೋಸ್ಕೋಪನ್ನೂ ಜೋಡಿಸಿಕೊಡು ಎನ್ನುತ್ತಿದ್ದಾರೆ. ಅದಕ್ಕೆ ಸೀರಿಯಲ್ ಇಲ್ಲ, ಬರೀ ಜಿಪಿಐಬಿ. ನಿಮ್ಮಲ್ಲಿ ಯಾರ ಬೇಸ್‌ಮೆಂಟಿನಲ್ಲಾದರೂ ಯುಎಸ್‌ಬಿಯಿಂದ ಜಿಪಿಐಬಿಗೆ ಹೋಗುವ ಕೊಂಡಿ ಧೂಳು ತಿನ್ನುತ್ತಾ ಬಿದ್ದಿದ್ದರೆ ಬೇಸಿಗೆಯ ಪಿಕ್ನಿಕ್ಕಿಗೆ ತನ್ನಿ. ಬದಲಿಗೆ ಅತ್ತೆ ಮಾಡಿಟ್ಟು ಹೋದ ಕೊಬ್ಬರಿ ಚಟ್ನಿಪುಡಿ ಒಂದು ಡಬ್ಬಿ ಕೊಡುತ್ತೇನೆ. ತಿಪಟೂರಿನ ಕೊಬ್ಬರಿ, ಆ ಮೋಟ್ರಿನ ನೀರು ಕುಡಿದದ್ದು.